ಹಿಮ ನಂಬುವ ಹಾಗಿಲ್ಲದ ದಿನ ಇಬ್ಬರೇ ಸ್ಕೀಯಿಂಗ್ ಹೋಗುವುದು: ನನ್ನ ಅನುಭವ

ಅಮೆರಿಕದ ಕೊಲೊರಾಡೊದ ಬರ್ಥಡ್ ಪಾಸ್ ಎಂಬ ಬೆಟ್ಟದ ದಾರಿ 11,307 ಅಡಿ ಎತ್ತರದಲ್ಲಿದೆ. ಹೆದ್ದಾರಿ 40ರ ಪಕ್ಕದಲ್ಲೇ ಕಾರು ನಿಲ್ಲಿಸಿ, ಸ್ಕೀ ತಳಕ್ಕೆ ಸ್ಕಿನ್ (ಹತ್ತುವಾಗ ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ) ಅಂಟಿಸಿಕೊಂಡು ಹತ್ತಲು ಶುರು ಮಾಡಬಹುದು. ಲಿಫ್ಟ್ ಇಲ್ಲ, ರೆಸಾರ್ಟ್‌ನಲ್ಲಿರುವ ಹಾಗೆ ಇಳಿಜಾರು ನೋಡಿಕೊಳ್ಳುವ ಗಸ್ತಿನವರೂ ಇಲ್ಲ. ನಾನು ಮತ್ತು ನನ್ನ ಗೆಳೆಯ, ಇಬ್ಬರೇ. ಒಬ್ಬ ಹಿಮದಡಿ ಸಿಕ್ಕಿಕೊಂಡರೆ ಅಗೆಯಲು ಉಳಿಯುವುದು ಇನ್ನೊಬ್ಬ ಮಾತ್ರ. ನಮ್ಮ ಎಲ್ಲ ನಿಯಮಗಳೂ ಈ ಒಂದು ಲೆಕ್ಕದಿಂದಲೇ ಹುಟ್ಟಿದ್ದು.

ಇಲ್ಲಿನ ಹಿಮ ಬುಡದಲ್ಲೇ ದುರ್ಬಲ. ಚಳಿಗಾಲದ ಮೊದಲಿಗೆ ಬೀಳುವ ಹಿಮ ತೆಳು. ಕೆಳಗೆ ನೆಲ ಸೊನ್ನೆ ಡಿಗ್ರಿಯ ಹತ್ತಿರ, ಮೇಲೆ ಕೊರೆಯುವ ಗಾಳಿ. ಈ ವ್ಯತ್ಯಾಸಕ್ಕೆ ಹಿಮದ ಕಣಗಳು ದಪ್ಪವಾಗಿ, ಸಕ್ಕರೆ ಹರಳಿನ ಹಾಗೆ ಬಿಡಿಬಿಡಿಯಾಗುತ್ತವೆ. ಜನವರಿಯಲ್ಲಿ ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿ ಇನ್ನಷ್ಟು ತಂದು ಪೇರಿಸಿದಾಗ ಮೇಲಿನ ಪದರ ಗಟ್ಟಿಯಾಗುತ್ತದೆ. ಅಡಿಯ ಹರಳು ಕುಸಿದರೆ ಆ ಪದರ ಇಡಿಯಾಗಿ ಜಾರುತ್ತದೆ. ಇಂಥ ಪದರ ವಾರಗಟ್ಟಲೆ ಹಾಗೇ ಕಾದು ಕೂರಬಲ್ಲದು.

ಹಿಂದಿನ ಸಂಜೆಯೇ ಕೊಲೊರಾಡೊ ಅವಲಾಂಚ್ ಇನ್ಫರ್ಮೇಶನ್ ಸೆಂಟರ್‌ನ ಹಿಮಕುಸಿತದ ಮುನ್ಸೂಚನೆ ಓದುತ್ತೇವೆ. ಅಪಾಯಕ್ಕೆ ಐದು ಮಟ್ಟಗಳಿವೆ. ಮೂರು ಅಂದರೆ ನಡುಮಧ್ಯ, ಪರವಾಗಿಲ್ಲ ಅನ್ನಿಸಬಹುದು. ಆದರೆ ಮನುಷ್ಯರ ಭಾರಕ್ಕೇ ಹಿಮ ಕುಸಿಯುವ ಸಂಭವ ಜಾಸ್ತಿ ಎಂದು ಅದರ ಅರ್ಥ. ಅಂಥ ದಿನ ನಕ್ಷೆಯಲ್ಲಿ 30 ಡಿಗ್ರಿಗಿಂತ ಕಡಿದಾದ ಜಾಗಗಳನ್ನೆಲ್ಲ ಮನೆಯಲ್ಲೇ ಕೈಬಿಡುತ್ತೇವೆ. ಅವುಗಳ ಕೆಳಗೆ ಹಾದುಹೋಗುವ ದಾರಿಯೂ ಬೇಡ. 2013ರ ಏಪ್ರಿಲ್‌ನಲ್ಲಿ ಲವ್‌ಲ್ಯಾಂಡ್ ಪಾಸ್ ಹತ್ತಿರದ ಶೀಪ್ ಕ್ರೀಕ್‌ನಲ್ಲಿ ಐವರು ಸತ್ತಿದ್ದು ಇಳಿಜಾರು ಇಳಿಯುವಾಗ ಅಲ್ಲ, ಅದರ ಬುಡದಲ್ಲಿ ಹೋಗುವಾಗ. ಕೆಳಗಿನಿಂದಲೂ ಹಿಮವನ್ನು ಕೆಣಕಬಹುದು. ಇದು ಹೊಸಬರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಬೆಳಿಗ್ಗೆ ಹೊರಡುವ ಮೊದಲು ಬೀಕನ್ ಪರೀಕ್ಷೆ. ಹಿಮದಡಿ ಹೂತವರನ್ನು ಹುಡುಕಲು ಇಬ್ಬರೂ ಮೈಮೇಲೆ ಧರಿಸುವ, ಸಿಗ್ನಲ್ ಕಳಿಸುವ ಮತ್ತು ಹಿಡಿಯುವ ಸಾಧನ ಇದು. ಒಬ್ಬ ಮುಂದೆ ನಡೆಯುತ್ತಾನೆ, ಇನ್ನೊಬ್ಬ ಅವನ ಸಿಗ್ನಲ್ ಹಿಡಿಯುತ್ತಾನೆ. ಆಮೇಲೆ ಪಾತ್ರ ಬದಲು. ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಬೆನ್ನಿನ ಚೀಲದಲ್ಲಿರುತ್ತವೆ.

ಕಳೆದ ಫೆಬ್ರವರಿಯ ಒಂದು ದಿನ. ಮರಗಳ ಸಾಲು ಮುಗಿಯುವ ಹತ್ತಿರ, ಪೂರ್ವಕ್ಕೆ ಮುಖ ಮಾಡಿದ ಬಯಲಿಗೆ ಬಂದೆವು. ಪಶ್ಚಿಮದ ಗಾಳಿ ರಾತ್ರಿಯೆಲ್ಲ ಅಲ್ಲಿ ಹಿಮ ಪೇರಿಸಿತ್ತು. ಜಾಗ ಮಾತ್ರ ಅಷ್ಟೇನೂ ಕಡಿದಲ್ಲ. ಗೆಳೆಯ ಮುಂದೆ ಹೆಜ್ಜೆ ಇಟ್ಟಾಗ ಕಾಲಡಿಯಲ್ಲಿ ‘ಧಪ್’ ಎಂದು ಸದ್ದಾಯಿತು. ಸ್ಕೀ ತುದಿಯಿಂದ ಬಿರುಕೊಂದು ಸರ್ರನೆ ಓಡಿತು. ಅಡಿಯ ಪದರ ಕುಸಿದದ್ದೇ ಆ ಸದ್ದು.

"ಬೇಡ ಕಣೋ," ಅಂದೆ. ಅವನು ಯಾಕೆ ಅಂತ ಕೇಳಲಿಲ್ಲ. ಬಂದ ಜಾಡಿನಲ್ಲೇ ತಿರುಗಿದ. ನಮ್ಮಿಬ್ಬರಲ್ಲಿ ಯಾರು ಬೇಡ ಅಂದರೂ ಅಲ್ಲಿಗೆ ಮುಗಿಯಿತು, ಚರ್ಚೆ ಇಲ್ಲ. ಸುಮ್ನೆ ಹೊಟ್ಟೆಯಲ್ಲಿ ಭಯವಾದರೂ ಸಾಕು. ಬೆಟ್ಟದ ಮೇಲೆ ವಾದ ಮಾಡಿದರೆ ಗೆಲ್ಲುವುದು ಹೆಚ್ಚಾಗಿ ಹೋಗಬೇಕೆನ್ನುವ ಆಸೆಯೇ ಅಲ್ವಾ?

ಹಿಮ ಅಗೆದು ಪದರ ಪರೀಕ್ಷಿಸುವುದೂ ನಮಗೆ ಗೊತ್ತು. 90 ಸೆಂಟಿಮೀಟರ್ ಅಗಲದ ಕಂಬ ಕಡಿದು, ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿನಿಂದ, ಮೊಣಕೈಯಿಂದ, ಭುಜದಿಂದ ಹತ್ತತ್ತು ಸಲ ತಟ್ಟಬೇಕು. ಬಿರುಕು ಕಂಬದ ಉದ್ದಕ್ಕೂ ಹಾದರೆ ಕೆಟ್ಟ ಸೂಚನೆ. ಆದರೆ ಒಳ್ಳೆಯ ಫಲಿತಾಂಶ ಬಂತು ಅಂತ ಇಲ್ಲಿಯವರೆಗೆ ಯಾವ ಕಡಿದಾದ ಜಾಗಕ್ಕೂ ಇಳಿದಿಲ್ಲ. ನಾಲ್ಕು ಮಾರು ಆಚೆ ಹಿಮ ಬೇರೆಯೇ ಇರಬಹುದು.

ಆ ದಿನ ದಟ್ಟ ಮರಗಳ ನಡುವೆ 25 ಡಿಗ್ರಿ ಒಳಗಿನ ಇಳಿಜಾರು ಆರಿಸಿಕೊಂಡೆವು. ಅಲ್ಲೂ ಒಬ್ಬೊಬ್ಬರಾಗಿಯೇ ಇಳಿದೆವು. ಒಬ್ಬ ಇಳಿಯುವಾಗ ಇನ್ನೊಬ್ಬ ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣು ತೆಗೆಯದೆ ನೋಡಬೇಕು. ಹೂತುಹೋದವರನ್ನು ಸುಮಾರು ಹತ್ತು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ನಂತರ ಅದು ಬೇಗ ಕುಸಿಯುತ್ತದೆ. ಕೊನೆಯದಾಗಿ ಎಲ್ಲಿ ಕಂಡಿದ್ದ ಎಂಬುದು ಗೊತ್ತಿದ್ದರೆ ಹುಡುಕಾಟ ಅಲ್ಲಿಂದ ಕೆಳಗೆ ಶುರುವಾಗುತ್ತದೆ. ಪ್ರೋಬ್ ತಾಗಿದರೆ ಅದನ್ನು ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅಗೆಯಬೇಕು. ಇದನ್ನು ಪ್ರತಿ ಚಳಿಗಾಲವೂ ಚೀಲ ಹೂತಿಟ್ಟು ಅಭ್ಯಾಸ ಮಾಡುತ್ತೇವೆ.

ಕಾರಿಗೆ ವಾಪಸ್ ಬಂದು ಸದ್ದು, ಬಿರುಕಿನ ಉದ್ದ, ದಿಕ್ಕು, ಎತ್ತರ ಎಲ್ಲವನ್ನೂ ಬರೆದು, ಬಿರುಕಿನ ಫೋಟೊ ಸೇರಿಸಿ ಮುನ್ಸೂಚನೆ ಕೇಂದ್ರಕ್ಕೆ ಕಳಿಸಿದೆವು. ಮಾರನೆಯ ದಿನ ಅದೇ ಬಯಲಿಗೆ ಹೋಗುವವರು ಹೊರಡುವ ಮುಂಚೆ ಓದಲಿ ಅಂತ.