ಮನೆಯ ಡೆಕ್ ಖರ್ಚಿನಲ್ಲಿ ಸುಂಕದ ಪಾಲನ್ನು ಲೆಕ್ಕ ಹಾಕುವ ಬಗೆ

ಬೆಳಗಾವಿಯಲ್ಲಿ ಹಿತ್ತಲಿಗೋ ಮಾಳಿಗೆಯ ಮೇಲೋ ಕಟ್ಟಿಗೆಯ ಡೆಕ್ (ಹಲಗೆ ಹಾಸಿದ ತೆರೆದ ಜಗಲಿ) ಮಾಡಿಸಲು ಹೊರಟವರಿಗೆ ದರಪಟ್ಟಿಯ ಜೊತೆಗೆ ‘ಟ್ಯಾರಿಫ್ ಏರಿದೆ’ ಎಂಬ ಮಾತೂ ಕೇಳಿಬರುವುದುಂಟು. ಆಗ ಮೊದಲು ಕೇಳಬೇಕಾದದ್ದು, ಯಾವ ದೇಶದ ಸುಂಕ, ಯಾವ ಸಾಮಾನಿನ ಮೇಲೆ ಎಂಬುದು. ಅಮೆರಿಕವು 2025ರ ಜೂನ್ 4ರಿಂದ ಉಕ್ಕು ಮತ್ತು ಅಲ್ಯೂಮಿನಿಯಂ ಆಮದಿನ ಮೇಲೆ ಶೇ. 50ರಷ್ಟು, ಅಕ್ಟೋಬರ್ 14ರಿಂದ ಪೈನ್‌ನಂಥ ಮೆದು ಮರದ ಮೇಲೆ ಶೇ. 10ರಷ್ಟು ಸುಂಕ ವಿಧಿಸಿತು. ಅದನ್ನು ಕಟ್ಟುವವನು ಅಲ್ಲಿಯ ಆಮದುದಾರ. ಡೆಕ್ ಕಟ್ಟಿಸುವ ಅಲ್ಲಿಯ ಮನೆಯವರಿಗೆ ಅದರ ಭಾರ ತಟ್ಟುತ್ತದೆಯೇ ಹೊರತು ನಮ್ಮ ಬಿಲ್ಲಿನಲ್ಲಿ ಅದಕ್ಕೆ ಜಾಗವಿಲ್ಲ. ನಮ್ಮ ಖರ್ಚನ್ನು ನೇರವಾಗಿ ಏರಿಸುವುದು ಭಾರತ ಸರ್ಕಾರದ ಸೀಮಾಸುಂಕ (ಆಮದು ಸಾಮಾನಿನ ಮೇಲಿನ ತೆರಿಗೆ) ಮತ್ತು ಜಿಎಸ್‌ಟಿ.

ವಿದೇಶದಿಂದ ಬಂದ ಕೊಯ್ದ ಮರವೊಂದರ ಬೆಲೆ ಬಂದರಿನಲ್ಲಿ 100 ರೂಪಾಯಿ, ಮೂಲ ಸೀಮಾಸುಂಕ ಶೇ. 10 ಎಂದು ಇಟ್ಟುಕೊಳ್ಳೋಣ. ಸುಂಕ 10 ರೂಪಾಯಿ, ಆ ಸುಂಕದ ಮೇಲೆ ಶೇ. 10ರಂತೆ ಸಮಾಜ ಕಲ್ಯಾಣ ಮೇಲ್ತೆರಿಗೆ 1 ರೂಪಾಯಿ, ಎರಡೂ ಸೇರಿ ಬಂದ 111 ರೂಪಾಯಿಯ ಮೇಲೆ ಶೇ. 18ರ ಜಿಎಸ್‌ಟಿ, ಅಲ್ಲಿಗೆ ಸುಮಾರು 131 ರೂಪಾಯಿ. ಮೂಲ ಸುಂಕ ಶೇ. 15ಕ್ಕೆ ಏರಿದರೆ ಇದು ಸುಮಾರು 137.50 ಆಗುತ್ತದೆ. ವ್ಯಾಪಾರಿಯು ತಾನು ಕಟ್ಟಿದ ಜಿಎಸ್‌ಟಿಯನ್ನು ಮುಂದಿನ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು, ಆದರೆ ಸ್ವಂತ ಮನೆಗೆ ಕೊಳ್ಳುವವರಿಗೆ ಆ ಅನುಕೂಲವಿಲ್ಲ, ಪೂರ್ತಿ ಹೊರೆ ಅವರದೇ. ಆದರೂ ಮೂರು ಲಕ್ಷದ ಡೆಕ್‌ನಲ್ಲಿ ಆಮದು ಮರದ ಬಂದರು ಬೆಲೆ 60,000 ರೂಪಾಯಿ ಇದ್ದರೆ ಈ ಏರಿಕೆಯ ಪರಿಣಾಮ ಸುಮಾರು 3,900 ರೂಪಾಯಿ, ಅಂದರೆ ಒಟ್ಟು ಖರ್ಚಿನ ಶೇ. 1.3 ಮಾತ್ರ. ಸುಂಕದ ಹೆಸರಿನಲ್ಲಿ ಇಡೀ ಅಂದಾಜಿನ ಮೇಲೆ ಶೇ. 10 ಹೆಚ್ಚಿಸಿದ ದರಪಟ್ಟಿಯನ್ನು ಒಪ್ಪಬಾರದು ಎನ್ನುವುದು ಇದೇ ಕಾರಣಕ್ಕೆ.

ಕಬ್ಬಿಣದ ಲೆಕ್ಕ ಇಷ್ಟು ಸರಳವಲ್ಲ. ಡೆಕ್‌ನ ಚೌಕಟ್ಟಿಗೆ ಬಳಸುವ ಚೌಕ ಪೈಪು ತಯಾರಾಗುವುದು ಉಕ್ಕಿನ ಸುರುಳಿ ಹಾಳೆಯಿಂದ. ನಿಗದಿತ ಬೆಲೆಗಿಂತ ಅಗ್ಗವಾಗಿ ಆಮದಾಗುವ ಇಂಥ ಹಾಳೆಗಳ ಮೇಲೆ ಕೇಂದ್ರವು 2025ರ ಏಪ್ರಿಲ್ 21ರಂದು 200 ದಿನಗಳ ಅವಧಿಗೆ ಶೇ. 12ರ ರಕ್ಷಣಾ ಸುಂಕ (ಅಗ್ಗದ ಆಮದಿನಿಂದ ದೇಶೀಯ ಕಾರ್ಖಾನೆಗಳನ್ನು ಕಾಯುವ ಹೆಚ್ಚುವರಿ ಸುಂಕ) ಹಾಕಿತು. ಆಮದು ದುಬಾರಿಯಾದರೆ ದೇಶೀಯ ಕಾರ್ಖಾನೆಗಳಿಗೂ ಬೆಲೆ ಏರಿಸಲು ಅವಕಾಶ ಸಿಗುತ್ತದೆ. ಆದ್ದರಿಂದ ಬಳ್ಳಾರಿ ಸೀಮೆಯ ಉಕ್ಕಿನಿಂದಲೇ ಮಾಡಿದ ಪೈಪಿಗೂ ಸುಂಕದ ಬಿಸಿ ತಾಗಬಹುದು. ಇಂಥ ಸುಂಕಗಳು ಅವಧಿಗೆ ಒಳಪಟ್ಟಿರುವುದರಿಂದ ಖರೀದಿಸುವ ತಿಂಗಳಲ್ಲಿ ಜಾರಿಯಲ್ಲಿರುವ ದರವನ್ನೇ ಹಿಡಿಯಬೇಕು.

ಸುಂಕ ನಮ್ಮ ಕೈಯಲ್ಲಿಲ್ಲ, ಅಳತೆ ಇದೆ. ಪೈಪು ಸಾಮಾನ್ಯವಾಗಿ 20 ಅಡಿ ಉದ್ದದಲ್ಲಿ ಸಿಗುತ್ತದೆ. 12×15 ಅಡಿಯ ಡೆಕ್‌ಗೆ ಒಂದೂವರೆ ಅಡಿಗೊಂದರಂತೆ 12 ಅಡಿಯ 11 ಅಡ್ಡ ತೊಲೆಗಳು ಬೇಕು; ಒಂದು ಪೈಪಿನಿಂದ ಒಂದೇ ತೊಲೆ ಬರುವುದರಿಂದ 11 ಪೈಪು ಕೊಳ್ಳಬೇಕಾಗುತ್ತದೆ, ಅಂಚಿನ ಪಟ್ಟಿಯನ್ನು ಉಳಿದ 8 ಅಡಿ ತುಂಡುಗಳನ್ನು ಬೆಸೆದು ಮಾಡಬೇಕು. ಅಷ್ಟೇ ವಿಸ್ತೀರ್ಣದ 10×18 ಅಡಿಯ ಡೆಕ್‌ಗೆ 10 ಅಡಿಯ 13 ತೊಲೆಗಳು 7 ಪೈಪಿನಲ್ಲಿ ಮುಗಿಯುತ್ತವೆ, ಎರಡು ಉದ್ದ ಅಂಚಿಗೆ ಇನ್ನೆರಡು, ಒಟ್ಟು 9. ಎರಡು ಪೈಪಿನ ಈ ಉಳಿತಾಯ ಶೇ. 18, ಅಂದರೆ ಮೇಲೆ ಹೇಳಿದ ರಕ್ಷಣಾ ಸುಂಕಕ್ಕಿಂತ ಹೆಚ್ಚು. ಬೆಸುಗೆಯವನ ಎದುರೇ ಕಾಗದದ ಮೇಲೆ ಈ ಲೆಕ್ಕ ಮಾಡಿಸಿ.

ಹಲಗೆಗೆ ಒಂದು ಇಂಚು ದಪ್ಪ ಹಿಡಿದರೆ 180 ಚದರ ಅಡಿಗೆ 15 ಘನ ಅಡಿ, ಕೊಯ್ತದ ನಷ್ಟ ಸೇರಿಸಿ ಹದಿನಾರೂವರೆ ಘನ ಅಡಿ ಬೇಕಾಗುತ್ತದೆ. ದಾಂಡೇಲಿ ಭಾಗದ ಸಾಗವಾನಿಗೆ ಸೀಮಾಸುಂಕವಿಲ್ಲ, ಜಿಎಸ್‌ಟಿ ಮಾತ್ರ ಇದೆ. ಬೆಳಗಾವಿಯ ಮಳೆಗೆ ಅದು ಆಮದು ಪೈನ್‌ಗಿಂತ ಚೆನ್ನಾಗಿ ಬಾಳುತ್ತದೆ ಎಂಬುದರಿಂದ ನಾನು ಮೊದಲು ಅದರ ಬೆಲೆ ಕೇಳಿ ಎಂದೇ ಹೇಳುತ್ತೇನೆ. ನೆಲಮಟ್ಟದ ಡೆಕ್ ಆಗಿದ್ದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಗ್ರಾನೈಟನ್ನೂ ಯೋಚಿಸಬಹುದು. ವಿಜಯಪುರದ ಬಿಸಿಲಿನಲ್ಲಿ ಮಾತ್ರ ಅದರ ಮೇಲೆ ನೆರಳಿಲ್ಲದೆ ಬರಿಗಾಲಿಡಲಾಗದು. ಬುನಾದಿಯ ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ದರದ ಅಂದಾಜು ಕೈಯಲ್ಲಿದ್ದರೆ ಹೊಸದಾಗಿ ಬರೆಸಿಕೊಳ್ಳಿ.

ದರಪಟ್ಟಿಯಲ್ಲಿ ಮರ, ಪೈಪು, ಸ್ಕ್ರೂ, ಪಾಲಿಶ್ ಮತ್ತು ಕೂಲಿಯನ್ನು ಬೇರೆ ಬೇರೆ ಸಾಲಿನಲ್ಲಿ, ಜಿಎಸ್‌ಟಿ ಪ್ರತ್ಯೇಕವಾಗಿ ಕಾಣುವಂತೆ ಬರೆಸಬೇಕು. ಬಡಿಗನ ಕೂಲಿಗೂ ಸೀಮಾಸುಂಕಕ್ಕೂ ಸಂಬಂಧವಿಲ್ಲ. ದರ ಎಷ್ಟು ದಿನ ಊರ್ಜಿತ, ಮುಂಗಡ ಕೊಟ್ಟ ಮೇಲೆ ಸುಂಕ ಬದಲಾದರೆ ವ್ಯತ್ಯಾಸ ಯಾರದು ಎಂಬುದನ್ನು ಅದೇ ಕಾಗದದಲ್ಲಿ ಸಹಿಯೊಂದಿಗೆ ಪಡೆದು, ಸುಂಕ ಇಳಿದರೆ ದರವೂ ಇಳಿಯಬೇಕೆಂಬ ಸಾಲನ್ನು ಮರೆಯದೆ ಸೇರಿಸಿ.