ದೋಣಿ ಬರದ ದಿನಗಳಿಗೂ ಮಾತ್ರೆ ಇರಬೇಕು

ನಾನು ಮನೋವೈದ್ಯ. ಓದಿದ್ದು ಬೆಂಗಳೂರಿನಲ್ಲಿ. ಆಮೇಲೆ ಎರಡು ವರ್ಷ ಮಾಲ್ಡೀವ್ಸ್‌ನ ಒಂದು ಅಟಾಲ್‌ನ ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. ಅಟಾಲ್ ಅಂದರೆ ಉಂಗುರದ ಹಾಗೆ ಹರಡಿಕೊಂಡ ಹವಳದ ದ್ವೀಪಗಳ ಸಾಲು. ಆ ಪದ ಜಗತ್ತಿಗೆ ಸಿಕ್ಕಿದ್ದೇ ಅಲ್ಲಿನ ಧಿವೇಹಿ ಭಾಷೆಯಿಂದ.

ದೇಶದಲ್ಲಿ ಸುಮಾರು 1,200 ದ್ವೀಪಗಳಿವೆ. ಜನ ಇರುವುದು 190ರ ಆಸುಪಾಸಿನಲ್ಲಿ ಮಾತ್ರ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 800 ಕಿಲೋಮೀಟರಿಗೂ ಜಾಸ್ತಿ. ರಾಜಧಾನಿ ಮಾಲೆಯಲ್ಲಿ ಭಾರತದ ನೆರವಿನಿಂದ ಕಟ್ಟಿದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ 1995ರಲ್ಲಿ ಶುರುವಾಯಿತು. ಅಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಒಂದು ಕೇಂದ್ರ ಬಂದದ್ದು 2019ರಲ್ಲಿ. ಮಾಲೆಯವರಿಗೆ ಅದು ಹತ್ತಿರ. ದೂರದ ದ್ವೀಪದ ಮೀನುಗಾರನಿಗೆ ಮಾಲೆ ಅಂದರೆ ದೋಣಿ, ವಿಮಾನ, ಉಳಿಯಲು ಬಾಡಿಗೆ ಕೋಣೆ, ಜೊತೆಗೆ ಬರಲು ಒಬ್ಬರು.

ಮೊದಲ ಮಳೆಗಾಲದಲ್ಲೇ ನಾನು ತಪ್ಪು ಮಾಡಿದೆ. ಒಂದು ಪುಟ್ಟ ದ್ವೀಪದಲ್ಲಿ ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮಾನಸಿಕ ಕಾಯಿಲೆ, ಇದ್ದ ಹುಡುಗನೊಬ್ಬ ಚೆನ್ನಾಗಿ ಸುಧಾರಿಸಿದ್ದ. ಅಪ್ಪನ ಜೊತೆ ಮೀನು ಹಿಡಿಯಲು ಹೋಗುತ್ತಿದ್ದ. ಬೆಂಗಳೂರಿನ ಅಭ್ಯಾಸದಂತೆ ಒಂದು ತಿಂಗಳಿನ ಮಾತ್ರೆ ಬರೆದುಕೊಟ್ಟೆ. ನೈಋತ್ಯದ ಗಾಳಿ ಎದ್ದಿತು. ಅಲ್ಲಿ ಅದನ್ನು ಹುಳಂಗು ಅನ್ನುತ್ತಾರೆ, ಮೇ ತಿಂಗಳಿಂದ ಶುರು. ಎರಡು ಸಲ ನನ್ನ ದೋಣಿ ಹೊರಡಲೇ ಇಲ್ಲ. ನಾನು ಹೋಗುವ ಹೊತ್ತಿಗೆ ಮಾತ್ರೆ ಮುಗಿದು ಮೂರು ವಾರವಾಗಿತ್ತು. ಹುಡುಗ ಊಟ ಬಿಟ್ಟು ಕತ್ತಲೆ ಕೋಣೆಯಲ್ಲಿ ಕೂತಿದ್ದ. ಜಿನ್ನಿ, ಅಂದರೆ ದೆವ್ವ, ವಾಪಸ್ ಬಂದಿದೆ ಅಂತ ಅಕ್ಕಪಕ್ಕದವರು ಹೇಳುತ್ತಿದ್ದರು. ಅವನ ತಾಯಿ ಮಾತ್ರ ನನ್ನನ್ನೇ ಕೇಳಿದರು: "ಮಾತ್ರೆ ನಿಂತ ಮೇಲೆ ಹೀಗಾಯ್ತು ಅಲ್ವಾ ಡಾಕ್ಟರ್? ಸಮುದ್ರ ಹೀಗಿರುತ್ತೆ ಅಂತ ನಮಗೆ ಗೊತ್ತಿತ್ತು. ನೀವು ಕೇಳಲೇ ಇಲ್ಲ."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು ನಮ್ಮ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರಿನಲ್ಲೇ ಔಷಧಿ ಸಿಗುವ ಹಾಗೆ ಮಾಡಿದ್ದರು. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೂ ಅದೇ ಮಾದರಿ ಹೋಯಿತು. ನಾನು ಅದನ್ನು ಪರೀಕ್ಷೆಗೆ ಓದಿದ್ದೆ, ಅಷ್ಟೇ.

ದ್ವೀಪದ ಆರೋಗ್ಯ ಕಾರ್ಯಕರ್ತೆಯ ಜೊತೆ ಕೂತೆ. ಅವರಿಗೆ ಪ್ರತಿ ಮನೆಯೂ ಗೊತ್ತು. ನಿದ್ದೆ ಕೆಟ್ಟಿದೆಯಾ, ಒಬ್ಬನೇ ಮಾತಾಡುತ್ತಾನಾ, ಸಾಯಬೇಕು ಅನ್ನಿಸುತ್ತಾ ಅಂತ ಹೇಗೆ ಕೇಳುವುದು ಅನ್ನುವುದನ್ನು ನಾನು ಕಲಿಸಿದೆ. ಅದನ್ನು ಧಿವೇಹಿಯಲ್ಲಿ ನೋವಾಗದ ಹಾಗೆ ಹೇಳುವುದನ್ನು ಅವರು ನನಗೆ ಕಲಿಸಿದರು. ಮಳೆಗಾಲಕ್ಕೆ ಮುಂಚೆಯೇ ಮೂರು ತಿಂಗಳ ಔಷಧಿ ಆರೋಗ್ಯ ಕೇಂದ್ರದ ಬೀಗದ ಪೆಟ್ಟಿಗೆಯಲ್ಲಿ ಇಟ್ಟೆವು. ಮನೆಗೆ ಸ್ವಲ್ಪ ಸ್ವಲ್ಪವೇ ಕೊಡುವುದು. ಸಾಯುವ ಯೋಚನೆ ಇರುವವರ ಮನೆಯಲ್ಲಿ ಜಾಸ್ತಿ ಮಾತ್ರೆ ಇರಬಾರದಲ್ಲ.

ಆ ಹುಡುಗನನ್ನೂ ಮನೆಯವರನ್ನೂ ಕೇಳಿ, ತಿಂಗಳಿಗೊಮ್ಮೆಯ ಇಂಜೆಕ್ಷನ್‌ಗೆ ಬದಲಾಯಿಸಿದೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಬರೆಯುವುದನ್ನು ಬಹಳ ಕಡಿಮೆ ಮಾಡಿದೆ. ಅದು ಒಳ್ಳೆಯ ಔಷಧಿ, ಆದರೆ ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ನೋಡಲೇಬೇಕು. ಬಿಸಿಲಲ್ಲಿ ಮೀನು ಹಿಡಿದು ಮೈನೀರು ಇಂಗಿದರೆ, ರಂಜಾನ್ ಉಪವಾಸದಲ್ಲಿ ನೀರು ಕುಡಿಯದಿದ್ದರೆ, ಅದೇ ವಿಷವಾಗಬಹುದು. ಬೇರೆ ಮಾತ್ರೆಗಳನ್ನೂ ಆದಷ್ಟು ರಾತ್ರಿ ಒಂದೇ ಹೊತ್ತಿಗೆ ಬರುವಂತೆ ಹೊಂದಿಸಿದೆ.

ಗುಟ್ಟು ಕಾಪಾಡುವುದು ಇದಕ್ಕಿಂತ ಕಷ್ಟ. ಎಂಟುನೂರು ಜನರ ದ್ವೀಪದಲ್ಲಿ ಡಾಕ್ಟರ ಬಾಗಿಲಲ್ಲಿ ಯಾರು ನಿಂತಿದ್ದಾರೆ ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಒಮ್ಮೆ ನನ್ನ ಮಾತು ಅನುವಾದಿಸುತ್ತಿದ್ದವರು ರೋಗಿಯ ಗಂಡನ ತಂಗಿ! ಆ ಹೆಂಗಸು ಸುಮ್ನೆ ತಲೆನೋವು ಅಂತ ಹೇಳಿ ಎದ್ದು ಹೋದರು. ಅಂದಿನಿಂದ ಅನುವಾದಕ್ಕೆ ಯಾರು ಇರಲಿ ಅಂತ ರೋಗಿಯನ್ನೇ ಮೊದಲು ಕೇಳತೊಡಗಿದೆ. ಬಿಪಿ, ಶುಗರ್ ನೋಡುವ ದಿನವೇ ನನ್ನ ರೋಗಿಗಳನ್ನೂ ಕರೆದೆ. ಒಂದೇ ಬೆಂಚು, ಒಂದೇ ಬಣ್ಣದ ಚೀಟಿ. ಮೂರು ತಿಂಗಳಾದ ಮೇಲೆ ಆ ಹೆಂಗಸು ವಾಪಸ್ ಬಂದರು. ಈ ಸಲ ತಲೆನೋವಿನ ಮಾತು ಬರಲಿಲ್ಲ.

ಫಂಡಿತ ಮಾಡುವವರ ಜೊತೆ ನಾನು ಜಗಳಕ್ಕೆ ಹೋಗಲಿಲ್ಲ. ನಮ್ಮ 'ಪಂಡಿತ' ಪದವೇ ಅಲ್ಲಿ ಫಂಡಿತ ಆಗಿ, ಮಂತ್ರ-ತಾಯಿತದ ವಿದ್ಯೆಗೆ ಹೆಸರಾಗಿದೆ. ತಾಯಿತ ಇರಲಿ, ಇಂಜೆಕ್ಷನ್ ತಪ್ಪಿಸಬೇಡಿ ಅಂದೆ. ಹೊಡೆಯುವುದು, ಕಟ್ಟಿಹಾಕುವುದು ಮಾತ್ರ ಬೇಡವೇ ಬೇಡ ಅಂತ ಗಟ್ಟಿಯಾಗಿ ಹೇಳಿದೆ.

ಎರಡನೇ ಹುಳಂಗುವಿನಲ್ಲಿ ಹನ್ನೊಂದು ದಿನ ದೋಣಿ ಹೊರಡಲಿಲ್ಲ. ಕಾರ್ಯಕರ್ತೆ ಫೋನ್ ಮಾಡಿ ಹುಡುಗನ ಇಂಜೆಕ್ಷನ್ ದಿನ ಅಂತ ನೆನಪಿಸಿದರು. ಔಷಧಿ ಪೆಟ್ಟಿಗೆಯಲ್ಲಿತ್ತು. ಅಲ್ಲಿನ ನರ್ಸ್ ಕೊಟ್ಟರು. ಹುಡುಗ ಎಲ್ಲಿ ಅಂತ ಕೇಳಿದೆ. ದಡದಲ್ಲಿ ಅಪ್ಪನ ಜೊತೆ ದೋಣಿಗೆ ಬಣ್ಣ ಬಳಿಯುತ್ತಿದ್ದಾನೆ ಅಂದರು.