ಬೇರೆ ಇಟ್ಟ ಲೋಟವನ್ನು ಒಳಗೆ ತರುವುದು ಹೇಗೆ

ವಾಸ್ಕೋದ ಬೈನಾದಲ್ಲಿ ನಮ್ಮ ಮನೆ. ಗದಗ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರನ್ನು ಗೋವಾದಲ್ಲಿ ಕೆಲವರು ‘ಘಾಟಿ’, ಅಂದರೆ ಘಟ್ಟದಾಚೆಯವರು, ಎಂದು ಹೀಯಾಳಿಸುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಆದರೆ ನನ್ನದೇ ಅಡುಗೆಮನೆಯ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ ಬೋರಲು ಬಿದ್ದಿರುತ್ತಿತ್ತು. ಕಸ ಒಯ್ಯಲು ಬರುವ ಅಕ್ಕನಿಗೆ ಅದರಲ್ಲೇ ಚಹಾ. ಅವರೂ ಕನ್ನಡದವರೇ. ನಾನಾದರೋ 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಸಭೆಗೆ ಸೇರಿದ ಮನೆತನದವಳು, ಕರ್ತನಾದ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಎಲ್ಲರೊಂದಿಗೆ ಒಂದೇ ಪಾತ್ರೆಯಿಂದ ಕುಡಿದು ಬೆಳೆದವಳು. ನಿಮ್ಮ ಮನೆಯಲ್ಲೂ ಅಂಥ ಲೋಟವಿದ್ದರೆ ಹೀಗೆ ಮಾಡಿ.

ಮನಸ್ಸು ತಾನಾಗಿ ಬದಲಾಗಲಿ ಎಂದು ಕಾಯಬೇಡಿ. ನಾನು ಎರಡು ವರ್ಷ ಪ್ರಾರ್ಥಿಸುತ್ತ ಕಾದೆ. ಯಾರನ್ನು ಸೇವಿಸುವಿರಿ, ಈ ಹೊತ್ತೇ ಆರಿಸಿಕೊಳ್ಳಿ ಎಂದು ಬೈಬಲಿನಲ್ಲಿ ಇಸ್ರಾಯೇಲರ ನಾಯಕ ಯೆಹೋಶುವನು ಜನರನ್ನು ಕೇಳಿದ. ಮನುಷ್ಯನ ಇಚ್ಛೆ ಎಷ್ಟು ಸ್ವತಂತ್ರ ಎಂಬುದರ ಬಗ್ಗೆ ಕ್ರೈಸ್ತ ಪಂಡಿತ ಎರಾಸ್ಮಸ್ 1524ರಲ್ಲಿ, ಸಭೆಯ ಸುಧಾರಕ ಲೂಥರ್ 1525ರಲ್ಲಿ ಬರೆದು ವಾದಿಸಿದರು. ದೇವರ ಕೃಪೆಯಿಲ್ಲದೆ ಆ ಇಚ್ಛೆ ದೇವರತ್ತ ತಿರುಗದು ಎಂಬುದು ಲೂಥರನ ಮಾತು. ನಾನು ಅದನ್ನು ಒಪ್ಪುತ್ತೇನೆ. ಆದರೂ ಕಿಟಕಿಗೆ ಕೈ ಚಾಚಬೇಕಾದವಳು ನಾನೇ.

ಕೊಡುವ ಮೊದಲು ಕೇಳಿ. ಇದು ಎಲ್ಲಕ್ಕಿಂತ ಕಷ್ಟ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ದಣಿದ ಯೇಸು ಯಾಕೋಬನ ಬಾವಿಯ ಬಳಿ ಕುಳಿತು, ಸಮಾರ್ಯದ ಹೆಂಗಸಿನಿಂದ ನೀರು ಬೇಡುತ್ತಾನೆ. ಯೇಸು ಯೆಹೂದ್ಯ; ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇರಲಿಲ್ಲ. ಅಲ್ಲಿನ ಗ್ರೀಕ್ ಪದಕ್ಕೆ ‘ಪಾತ್ರೆಗಳನ್ನು ಕೂಡಿ ಬಳಸುವುದಿಲ್ಲ’ ಎಂಬ ಅರ್ಥವನ್ನೂ ಪಂಡಿತರು ಹೇಳುತ್ತಾರೆ. ಯೇಸುವಿನ ಕೈಯಲ್ಲಿ ಸೇದುವ ಪಾತ್ರೆಯೂ ಇರಲಿಲ್ಲ; ಕುಡಿದರೆ ಅವಳ ಕೊಡದಿಂದಲೇ ಕುಡಿಯಬೇಕು. ಒಂದು ಭಾನುವಾರ ಆರಾಧನೆ ಮುಗಿಸಿ ನಾನು ಅಕ್ಕನ ಮನೆಗೆ ಹೋಗಿ ನೀರು ಕೇಳಿದೆ.

‘ಅಂಗಡಿಯಿಂದ ಬಾಟಲಿ ತರಿಸಲೇ, ಅಕ್ಕಾವರೇ?’ ಎಂದರು.

‘ಬೇಡ, ನಿಮ್ಮ ಬಿಂದಿಗೆಯದೇ ಕೊಡಿ’ ಎಂದೆ. ನೀರಿನ ಜೊತೆ ರೊಟ್ಟಿ, ಪುಂಡಿಪಲ್ಯವನ್ನೂ ಇಟ್ಟರು.

ಅವರಿಗೆಂದು ಹೊಸ ಲೋಟ, ಚಂದದ ಕಪ್ಪು ತರಬೇಡಿ. ಅದೂ ಬೇರೆಯದೇ ಆಗುತ್ತದೆ. ನಮ್ಮ ಉಳಿದ ಲೋಟಗಳ ಮೇಲೆ ಮನೆತನದ ಹೆಸರು ಕೊರೆಸಿದೆ, ಕಿಟಕಿಯದರ ಮೇಲೆ ಇರಲಿಲ್ಲ. ಪಾತ್ರೆ ಅಂಗಡಿಗೆ ಒಯ್ದು ಅದರ ಮೇಲೂ ಕೊರೆಸಿ, ಎಲ್ಲದರ ನಡುವೆ ಸೇರಿಸಿದೆ. ಈಗ ಅದು ಯಾವುದೆಂದು ನನಗೇ ತಿಳಿಯದು.

ಮನೆಯವರನ್ನು ಬಲವಂತಪಡಿಸಬೇಡಿ. ಅತ್ತೆ ಆ ದಿನ ಚಹಾ ಮುಟ್ಟಲಿಲ್ಲ. ಬೈಬಲಿನ ಕೊನೆಯದಾದ ಪ್ರಕಟನೆಯ ಪುಸ್ತಕದಲ್ಲಿ ಕರ್ತನು ಬಾಗಿಲ ಹೊರಗೆ ನಿಂತು ತಟ್ಟುತ್ತಾನೆ, ಮುರಿದು ಒಳಬರುವುದಿಲ್ಲ. ಅವರ ಇಚ್ಛೆಯನ್ನೂ ಕೊಟ್ಟವನು ಅವನೇ. ಆದರೆ ಅವರಿಗಾಗಿ ಲೋಟವನ್ನು ಮತ್ತೆ ಕಿಟಕಿಗೆ ಇಡಬೇಡಿ.

ಅಕ್ಕನನ್ನೂ ಅವಸರಪಡಿಸಲಿಲ್ಲ. ಒಳಗೊಂದು ಕುರ್ಚಿ ಇಟ್ಟೆ, ಅಷ್ಟೇ. ಮೂರು ವಾರ ಅವರು ಹೊಸ್ತಿಲಲ್ಲೇ ನಿಂತು ಕುಡಿದರು. ನಾಲ್ಕನೆಯ ವಾರ ಕುಳಿತು, ಒಂದು ಗುಟುಕು ಕುಡಿದು, ಸಕ್ಕರೆ ಕಡಿಮೆಯಾಗಿದೆ ಎಂದರು.